ಮೋಡಕ್ಕೆ ತಾರೀಖು ಬರೆದ ಚಿತ್ರಕಾರ: ಜಾನ್ ಕಾನ್‌ಸ್ಟೆಬಲ್

ಬೋಧನಾಭ್ಯಾಸದ ಮೂರನೇ ವಾರದಲ್ಲಿ ಏಳನೇ ತರಗತಿಗೆ ಹವಾಮಾನದ ಪಾಠ ಮಾಡಿದೆ. ಹತ್ತಿ ಅಂಟಿಸಿ ಮೋಡಗಳ ಚಾರ್ಟ್ ತಯಾರಿಸಿದ್ದೆ. ರಾಶಿ ಮೋಡ, ಪದರ ಮೋಡ, ಹಿಮಕಣ ಮೋಡ ಎಂದು ಮಕ್ಕಳು ಒಂದೂ ತಪ್ಪಿಲ್ಲದೆ ಹೇಳಿದರು. ಪಾಠ ಚೆನ್ನಾಗಿ ಆಯಿತೆಂದೇ ಅಂದುಕೊಂಡೆ. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ಕಿಟಕಿಯ ಆಚೆ ಕೈ ತೋರಿಸಿ, ಈಗ ಅಲ್ಲಿ ಕಾಣುತ್ತಿರುವುದು ಇದರಲ್ಲಿ ಯಾವುದು ಎಂದು ಕೇಳಿದಳು. ನನಗೆ ಹೇಳಲು ಆಗಲಿಲ್ಲ. ಮೂರು ವರ್ಷ ಬಿ.ಎಸ್ಸಿ. ಓದಿದ್ದರೂ ನಾನು ಚಾರ್ಟಿನ ಮೋಡವನ್ನು ನೋಡಿದ್ದೆನೇ ಹೊರತು ಆಕಾಶದ ಮೋಡವನ್ನು ನೋಡಿರಲಿಲ್ಲ.

ಆ ಪ್ರಶ್ನೆಯ ಬೆನ್ನು ಹಿಡಿದು ಓದುತ್ತ ಹೋದಾಗ ಸಿಕ್ಕಿದ್ದು ಒಬ್ಬ ಚಿತ್ರಕಾರನ ಜೀವನ. ಆತ 19ನೇ ಶತಮಾನದ ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್. ಭೂದೃಶ್ಯಗಳನ್ನು ತೈಲವರ್ಣದಲ್ಲಿ ಬರೆದವರಲ್ಲಿ ಅಗ್ರಗಣ್ಯ. ಅವನ ಚಿತ್ರಗಳ ಮುಂದೆ ನಿಂತವರಿಗೆ ಮಳೆ ಬರುವ ಮುಂಚಿನ ತಂಪು, ಮಧ್ಯಾಹ್ನದ ಮೌನ, ಬಿರುಗಾಳಿ ಕಳೆದ ಬೆಳಗಿನ ಬೇಸರ ಇವೆಲ್ಲ ಮನಸ್ಸಿಗೆ ತಟ್ಟುತ್ತವೆ. ಈ ಭಾವ ಎಲ್ಲಿಂದ ಬಂತು ಎಂದು ಹುಡುಕಿದರೆ ಸಿಗುವುದು ತಾರೀಖು, ಗಂಟೆ, ಗಾಳಿಯ ದಿಕ್ಕು. ವಿಜ್ಞಾನ ಕಲಿಸಲು ಹೊರಟ ನಮಗೆ ಈ ಜೀವನದಲ್ಲಿ ತಿಳಿಯಬೇಕಾದ್ದು ಬಹಳವಿದೆ.

ಗಿರಣಿಯ ಮಗ

ಕಾನ್‌ಸ್ಟೆಬಲ್ ಹುಟ್ಟಿದ್ದು 1776ರ ಜೂನ್ 11ರಂದು, ಸಫೋಕ್ ಪ್ರಾಂತದ ಈಸ್ಟ್ ಬರ್ಗ್‌ಹೋಲ್ಟ್ ಎಂಬ ಹಳ್ಳಿಯಲ್ಲಿ. ತಂದೆ ಗೋಲ್ಡಿಂಗ್ ಕಾನ್‌ಸ್ಟೆಬಲ್ ಧಾನ್ಯದ ವ್ಯಾಪಾರಿ. ಸ್ಟೂರ್ ನದಿಯ ಮೇಲೆ ಫ್ಲ್ಯಾಟ್‌ಫರ್ಡ್ ಮತ್ತು ಡೆಡಮ್ ಎಂಬಲ್ಲಿ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿಗಳನ್ನೂ, ಊರಿನ ಬಯಲಿನಲ್ಲಿ ಗಾಳಿಗಿರಣಿಯನ್ನೂ ನಡೆಸುತ್ತಿದ್ದ. ನದಿಯಲ್ಲಿ ಕುದುರೆಗಳು ಎಳೆಯುವ ದೋಣಿಗಳು, ನೀರಿನ ಮಟ್ಟ ಏರಿಳಿಸುವ ತೂಬಿನ ಬಾಗಿಲುಗಳು, ಕೊಳೆತ ಹಲಗೆ, ಪಾಚಿ ಹಿಡಿದ ಕಂಬ, ಇವುಗಳ ನಡುವೆ ಹುಡುಗ ಬೆಳೆದ. ಮುಂದೆ ಅವನ ದೊಡ್ಡ ಚಿತ್ರಗಳಲ್ಲೆಲ್ಲ ಕಾಣಿಸಿಕೊಂಡದ್ದು ಇವೇ.

ಅಣ್ಣನಿಗೆ ಬುದ್ಧಿಯ ಬೆಳವಣಿಗೆ ಸಾಲದಿದ್ದುದರಿಂದ ವ್ಯಾಪಾರ ಎರಡನೆಯ ಮಗನಾದ ಜಾನ್‌ನ ಹೆಗಲಿಗೆ ಬರಬೇಕಿತ್ತು. ಶಾಲೆ ಮುಗಿಸಿ ಅವನು ತಂದೆಯ ಬಳಿ ಕೆಲಸಕ್ಕೆ ನಿಂತ. ಗಾಳಿಗಿರಣಿಯಲ್ಲೂ ದುಡಿದ. ಅಲ್ಲಿನ ಒಂದು ಮರದ ತೊಲೆಯ ಮೇಲೆ ಗಿರಣಿಯ ಆಕೃತಿ ಕೊರೆದು ತನ್ನ ಹೆಸರನ್ನೂ 1792 ಎಂಬ ಇಸವಿಯನ್ನೂ ಕೆತ್ತಿದ. ಆಗ ಅವನಿಗೆ 16 ವರ್ಷ.

ಗಾಳಿಗಿರಣಿಯ ಕೆಲಸಗಾರನಿಗೆ ಆಕಾಶವೇ ಗಡಿಯಾರ, ಆಕಾಶವೇ ಯಜಮಾನ. ಗಾಳಿ ಯಾವ ಕಡೆಗೆ ತಿರುಗುತ್ತಿದೆ ಎಂದು ತಿಳಿಯದಿದ್ದರೆ ರೆಕ್ಕೆಗಳನ್ನು ಗಾಳಿಗೆ ಎದುರಾಗಿ ತಿರುಗಿಸಲಾಗದು. ಬಿರುಗಾಳಿ ಬರುವ ಮುನ್ನ ರೆಕ್ಕೆಯ ಬಟ್ಟೆ ಇಳಿಸದಿದ್ದರೆ ಗಿರಣಿಯೇ ಮುರಿದೀತು. ಹೀಗೆ ಕಾನ್‌ಸ್ಟೆಬಲ್‌ಗೆ ಮೋಡ ನೋಡುವುದು ಮೊದಲು ಹೊಟ್ಟೆಪಾಡಿನ ವಿದ್ಯೆಯಾಗಿ ಬಂತು, ಆಮೇಲೆ ಕಲೆಯಾಯಿತು.

ಬಿಡುವಿನಲ್ಲಿ ಅವನಿಗೆ ಜೊತೆಯಾದವನು ಊರಿನ ಜಾನ್ ಡನ್‌ಥಾರ್ನ್. ಕೊಳಾಯಿ ಮತ್ತು ಗಾಜಿನ ಕೆಲಸ ಮಾಡುತ್ತಿದ್ದ ಈತನಿಗೆ ಚಿತ್ರ ಬರೆಯುವ ಹುಚ್ಚು. ಇಬ್ಬರೂ ಬಣ್ಣ ಹೊತ್ತುಕೊಂಡು ಹೊಲಗಳಿಗೆ ಹೋಗಿ, ಕಣ್ಣೆದುರಿನದನ್ನು ಅಲ್ಲೇ ಕೂತು ಬರೆಯುತ್ತಿದ್ದರು. ಕೊನೆಗೆ ತಂದೆ ಒಪ್ಪಿ ಖರ್ಚಿಗೆ ಹಣ ಕೊಟ್ಟ ಮೇಲೆ 1799ರಲ್ಲಿ ಜಾನ್ ಲಂಡನ್ನಿನ ರಾಯಲ್ ಅಕಾಡೆಮಿಯ ಶಾಲೆಗೆ ಸೇರಿದ. ಗಿರಣಿಗಳನ್ನು ಮುಂದೆ ತಮ್ಮ ಏಬ್ರಮ್ ನೋಡಿಕೊಂಡ.

ಪಿಟೀಲಿನ ಕಂದು, ಹುಲ್ಲಿನ ಹಸಿರು

ಆ ಕಾಲದಲ್ಲಿ ಭೂದೃಶ್ಯಕ್ಕೆ ದೊಡ್ಡ ಗೌರವವಿರಲಿಲ್ಲ. ಪುರಾಣ ಮತ್ತು ಇತಿಹಾಸದ ಪ್ರಸಂಗಗಳನ್ನು ಬರೆಯುವವನೇ ಶ್ರೇಷ್ಠ ಚಿತ್ರಕಾರ. ಭೂದೃಶ್ಯ ಬರೆದರೂ ಹಳೆಯ ಗುರುಗಳ ಚಿತ್ರದಂತೆ ಕಾಣಬೇಕು. ಆ ಹಳೆಯ ಚಿತ್ರಗಳ ಮೇಲಿನ ವಾರ್ನಿಷ್ ವರ್ಷಗಳು ಕಳೆದಂತೆ ಕಂದಾಗಿತ್ತು. ನೋಡುವವರು ಆ ಕಂದನ್ನೇ ಕಲೆಯ ಬಣ್ಣ ಎಂದು ನಂಬಿದ್ದರು.

ಕಾನ್‌ಸ್ಟೆಬಲ್‌ಗೆ ಚಿಕ್ಕಂದಿನಲ್ಲೇ ಕ್ಲಾಡ್‌ನ ಚಿತ್ರ ತೋರಿಸಿ ಉಪಕಾರ ಮಾಡಿದ್ದ ಸರ್ ಜಾರ್ಜ್ ಬೋಮಾಂಟ್ ಕೂಡ ಇದೇ ಅಭಿಪ್ರಾಯದವನು. ಚಿತ್ರದ ಒಟ್ಟು ಬಣ್ಣ ಹಳೆಯ ಪಿಟೀಲಿನ ಹಾಗಿರಬೇಕು ಎಂದು ಅವನು ಸಲಹೆ ಕೊಟ್ಟನಂತೆ. ಕಾನ್‌ಸ್ಟೆಬಲ್ ವಾದ ಮಾಡಲಿಲ್ಲ. ಒಂದು ಪಿಟೀಲನ್ನು ತಂದು ಮನೆಯ ಮುಂದಿನ ಹಸಿರು ಹುಲ್ಲಿನ ಮೇಲೆ ಇಟ್ಟನಂತೆ. ಅವನ ಗೆಳೆಯ ಸಿ. ಆರ್. ಲೆಸ್ಲಿ ಬರೆದ ಜೀವನಚರಿತ್ರೆಯಲ್ಲಿ ಬರುವ ಈ ಪ್ರಸಂಗ ನಮ್ಮ ತರಗತಿಗೂ ಒಂದು ಪಾಠ. ಎರಡು ವಸ್ತುಗಳನ್ನು ಪಕ್ಕ ಪಕ್ಕ ಇಟ್ಟರೆ ಸಾಕು, ಮಾತಿನ ಕೆಲಸ ಅಷ್ಟಕ್ಕೇ ಮುಗಿಯುತ್ತದೆ.

1802ರಲ್ಲಿ ಒಂದು ಸೈನಿಕ ಕಾಲೇಜಿನಲ್ಲಿ ಚಿತ್ರಕಲಾ ಶಿಕ್ಷಕನ ಹುದ್ದೆ ಅವನಿಗೆ ಒದಗಿ ಬಂತು. ನಿಶ್ಚಿತ ಸಂಬಳದ ಕೆಲಸ. ಅವನು ಬೇಡವೆಂದ. ಅದನ್ನು ಒಪ್ಪಿಕೊಂಡರೆ ಚಿತ್ರಕಾರನಾಗುವ ಆಸೆ ಬಿಡಬೇಕಾದೀತು ಎಂದು ಅಕಾಡೆಮಿಯ ಅಧ್ಯಕ್ಷ ಬೆಂಜಮಿನ್ ವೆಸ್ಟ್ ಕೂಡ ಎಚ್ಚರಿಸಿದ್ದ. ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವ ನಮಗೆ ಇದನ್ನು ಓದುವಾಗ ಸ್ವಲ್ಪ ಚುರುಕ್ ಎನ್ನುತ್ತದೆ. ಆದರೆ ಅವನು ತಿರಸ್ಕರಿಸಿದ್ದು ಕಲಿಸುವುದನ್ನಲ್ಲ. ತಾನೇ ಇನ್ನೂ ಕಲಿಯದಿರುವಾಗ ನಿಂತುಬಿಡುವುದನ್ನು. ಆ ವರ್ಷವೇ ಅವನು ಇತರರ ಚಿತ್ರಗಳಲ್ಲಿ ಸತ್ಯ ಹುಡುಕುವುದನ್ನು ಬಿಟ್ಟು, ಬರ್ಗ್‌ಹೋಲ್ಟ್‌ಗೆ ಹಿಂದಿರುಗಿ ಪ್ರಕೃತಿಯ ಎದುರಲ್ಲೇ ಅಭ್ಯಾಸ ಮಾಡಲು ನಿಶ್ಚಯಿಸಿದ.

ಏಳು ವರ್ಷ ಕಾದ ಮದುವೆ

1809ರಲ್ಲಿ ಅವನಿಗೂ ಮರಿಯಾ ಬಿಕ್‌ನೆಲ್‌ಗೂ ಪ್ರೀತಿ ಬೆಳೆಯಿತು. ಅವಳ ಅಜ್ಜ ಡಾ. ರಡ್ ಈಸ್ಟ್ ಬರ್ಗ್‌ಹೋಲ್ಟ್ ಚರ್ಚಿನ ಪಾದ್ರಿ, ಹಣವಂತ. ಸಂಪಾದನೆಯಿಲ್ಲದ ಚಿತ್ರಕಾರನಿಗೆ ಮೊಮ್ಮಗಳನ್ನು ಕೊಡಲು ಅವನು ಒಪ್ಪಲಿಲ್ಲ. ಮದುವೆಯಾದರೆ ಆಸ್ತಿಯಲ್ಲಿ ಪಾಲಿಲ್ಲ ಎಂಬ ಭಯ ಅವಳ ಮನೆಯವರಿಗೆ. ಏಳು ವರ್ಷ ಇಬ್ಬರೂ ಬಹುಮಟ್ಟಿಗೆ ಕಾಗದಗಳಲ್ಲೇ ಭೇಟಿಯಾದರು. ಈ ಅವಧಿಯಲ್ಲಿ ಅವನು ಹಣಕ್ಕಾಗಿ ಭಾವಚಿತ್ರಗಳನ್ನು ಬರೆದ, ಬೇಸಿಗೆಯಲ್ಲಿ ಊರಿಗೆ ಹೋಗಿ ಹೊಲ, ನದಿ, ಆಕಾಶಗಳನ್ನು ಚಿಕ್ಕ ಚಿಕ್ಕ ಪುಸ್ತಕಗಳಲ್ಲಿ ತುಂಬಿಸಿದ. 1816ರಲ್ಲಿ ತಂದೆ ತೀರಿಕೊಂಡ ಮೇಲೆ ಅವನಿಗೆ ವ್ಯಾಪಾರದಲ್ಲಿ ಪಾಲು ಬಂತು. ಅದೇ ವರ್ಷ ಅಕ್ಟೋಬರ್ 2ರಂದು ಲಂಡನ್ನಿನಲ್ಲಿ ಮದುವೆ ನಡೆಯಿತು. ಮದುವೆ ಮಾಡಿಸಿದವನು ಅವನ ಜೀವದ ಗೆಳೆಯ, ಪಾದ್ರಿ ಜಾನ್ ಫಿಷರ್. ಅವನಿಗೆ ಆಗ 40 ವರ್ಷ, ಅವಳಿಗೆ 28. ಮುಂದೆ ಏಳು ಮಕ್ಕಳಾದರು.

ಆರಡಿಯ ಚಿತ್ರಗಳು

ಸಂಸಾರ ನಡೆಯಬೇಕಾದರೆ ಅಕಾಡೆಮಿಯ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬೀಳಬೇಕು. ಚಿಕ್ಕ ಚಿತ್ರಗಳು ಆ ಗೋಡೆಗಳಲ್ಲಿ ಕಳೆದುಹೋಗುತ್ತಿದ್ದವು. ಆದ್ದರಿಂದ ಅವನು ಸುಮಾರು ಆರಡಿ ಅಗಲದ ಕ್ಯಾನ್ವಾಸಿಗೆ ಕೈ ಹಾಕಿದ. 1819ರಲ್ಲಿ ‘ದಿ ವೈಟ್ ಹಾರ್ಸ್’ ಪ್ರದರ್ಶನಕ್ಕೆ ಬಂತು. ಫಿಷರ್ ಅದನ್ನು 100 ಗಿನಿ ಕೊಟ್ಟು ಕೊಂಡ. ಅದೇ ವರ್ಷ ಅಕಾಡೆಮಿ ಅವನನ್ನು ಸಹಸದಸ್ಯನನ್ನಾಗಿ ಆರಿಸಿತು. 1825ರವರೆಗೆ ಸ್ಟೂರ್ ನದಿಯ ಇಂಥ ಆರು ದೊಡ್ಡ ಚಿತ್ರಗಳನ್ನು ಅವನು ಬರೆದ.

ಇವುಗಳಲ್ಲಿ ಮೂರನೆಯದು 1821ರ ‘ದಿ ಹೇ ವೇನ್’. ಫ್ಲ್ಯಾಟ್‌ಫರ್ಡ್ ಗಿರಣಿಯ ಬಳಿ ಆಳವಿಲ್ಲದ ನೀರಿನಲ್ಲಿ ಒಂದು ಖಾಲಿ ಹುಲ್ಲುಗಾಡಿ. ಎಡಗಡೆ ವಿಲ್ಲಿ ಲಾಟ್ ಎಂಬ ರೈತನ ಮನೆ. ದಡದಲ್ಲಿ ಒಂದು ನಾಯಿ. ದೂರದ ಹೊಲದಲ್ಲಿ ಹುಲ್ಲು ಕೊಯ್ಯುವವರು ಚುಕ್ಕೆಗಳಂತೆ. ಮೇಲೆ ಬಿಸಿಲೂ ಮೋಡವೂ ಬೆರೆತ ಮಧ್ಯಾಹ್ನದ ಆಕಾಶ. ಇದನ್ನು ಬರೆದದ್ದು ನದಿಯ ದಡದಲ್ಲಲ್ಲ, ಲಂಡನ್ನಿನ ಕೋಣೆಯಲ್ಲಿ, ಊರಿನಲ್ಲಿ ಹಿಂದೆ ಮಾಡಿಕೊಂಡಿದ್ದ ಅಭ್ಯಾಸಗಳ ಆಧಾರದಿಂದ.

ಅವನ ಕೆಲಸದ ಕ್ರಮವನ್ನು ಮೂರು ಹಂತಗಳಲ್ಲಿ ಹೇಳಬಹುದು.

ಮೊದಲನೆಯದು ಬಯಲಿನ ಅಭ್ಯಾಸ. ಬಣ್ಣದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲೇ ಬಣ್ಣ ಬಳಿದು ಸಿದ್ಧಪಡಿಸಿದ ಚಿಕ್ಕ ಕಾಗದದ ಮೇಲೆ ಬೇಗ ಬೇಗ ಬರೆಯುವುದು. ಕಾಗದದ ಕೆಂಗಂದು ಛಾಯೆಯನ್ನು ಅಲ್ಲಲ್ಲಿ ಮುಚ್ಚದೆ ಬಿಟ್ಟರೆ ಅದೇ ಹಸಿರಿನ ನಡುವೆ ಬೆಚ್ಚಗೆ ಕಾಣುತ್ತದೆ. ಇಂದಿನ ತಗಡಿನ ಟ್ಯೂಬು ಆಗ ಇರಲಿಲ್ಲ. ಅದು ಬಂದದ್ದು 1841ರಲ್ಲಿ, ಅವನು ಸತ್ತ ಮೇಲೆ. ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಟ್ಟು ಒಯ್ಯಬೇಕಿತ್ತು.

ಎರಡನೆಯದು ಪೂರ್ಣ ಅಳತೆಯ ಕರಡು. ಕೊನೆಯ ಚಿತ್ರದಷ್ಟೇ ದೊಡ್ಡ ಕ್ಯಾನ್ವಾಸಿನ ಮೇಲೆ ಒರಟಾಗಿ ಇಡೀ ಚಿತ್ರವನ್ನು ಒಮ್ಮೆ ಬರೆದು ನೋಡುವುದು. ಆರಡಿಯ ಕರಡು ಬರೆಯುವ ಪದ್ಧತಿ ಬೇರೆಯವರಲ್ಲಿ ಬಲು ಅಪರೂಪ. ಬಯಲಿನ ಚಿಕ್ಕ ಕಾಗದದಲ್ಲಿದ್ದ ಲವಲವಿಕೆ ದೊಡ್ಡ ಚಿತ್ರಕ್ಕೆ ಬರುವಷ್ಟರಲ್ಲಿ ಸತ್ತುಹೋಗಬಾರದು ಎಂಬುದೇ ಇದರ ಉದ್ದೇಶ. ‘ಹೇ ವೇನ್’ ಚಿತ್ರದ ಕರಡು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ಚಿತ್ರ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಮೂರನೆಯದು ಮುಗಿಸುವ ಹಂತ. ಇಲ್ಲಿ ತೈಲವರ್ಣದ ಗುಣ ತಿಳಿಯಬೇಕು. ಬಣ್ಣ ಕಲಸುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ವರ್ತಿಸಿ ನಿಧಾನವಾಗಿ ಗಟ್ಟಿಯಾಗುತ್ತದೆ. ಹೀಗಾಗಿ ಹಸಿ ಬಣ್ಣದ ಮೇಲೆ ಹಸಿ ಬಣ್ಣ ಎಳೆಯಬಹುದು, ಒಣಗಿದ ಮೇಲೆ ತೆಳುವಾದ ಪದರ ಹೊದಿಸಬಹುದು, ದಪ್ಪಗೆ ಮೆತ್ತಲೂಬಹುದು. ಕಾನ್‌ಸ್ಟೆಬಲ್ ಇವೆಲ್ಲವನ್ನೂ ಬಳಸಿದ. ಅವನ ಹುಲ್ಲುಗಾವಲಿನಲ್ಲಿ ಒಂದೇ ಹಸಿರು ಇಲ್ಲ. ಹಳದಿ ಮಿಶ್ರಿತ, ನೀಲಿ ಮಿಶ್ರಿತ, ಬೂದು ಮಿಶ್ರಿತ ಹಸಿರುಗಳು ಅಕ್ಕಪಕ್ಕದಲ್ಲಿ ಚೂರು ಚೂರಾಗಿ ಕೂತಿವೆ. ಆ ಹಸಿರಿಗೆ ಎದುರಾಗಿ ಕುದುರೆಯ ಸಜ್ಜಿನ ಮೇಲೆ ಒಂದಿಷ್ಟು ಕೆಂಪು. ಒದ್ದೆ ಎಲೆಯ, ಅಲೆಯ ಹೊಳಪಿಗೆ ಚಾಕುವಿನ ತುದಿಯಿಂದ ಬಿಳಿಯ ಕಿಡಿಗಳು. ಈ ಬಿಳಿಯನ್ನು ಕಂಡು ವಿಮರ್ಶಕರು ಹಿಮ ಬಿದ್ದಿದೆ ಎಂದು ಹಾಸ್ಯ ಮಾಡಿದರು. ಅವನಿಗೆ ಅದು ಮಳೆ ನಿಂತ ಮೇಲಿನ ಹೊಳಪು.

1821ರಲ್ಲಿ ‘ಹೇ ವೇನ್’ ಲಂಡನ್ನಿನಲ್ಲಿ ಮಾರಾಟವಾಗಲಿಲ್ಲ. ಮೂರು ವರ್ಷದ ನಂತರ ಒಬ್ಬ ವ್ಯಾಪಾರಿ ಅದನ್ನು ಕೊಂಡು ಪ್ಯಾರಿಸ್ಸಿಗೆ ಒಯ್ದ. 1824ರ ಸಲೋನ್ ಪ್ರದರ್ಶನದಲ್ಲಿ ಫ್ರಾನ್ಸಿನ ದೊರೆ 10ನೇ ಚಾರ್ಲ್ಸ್ ಅದಕ್ಕೆ ಚಿನ್ನದ ಪದಕ ಕೊಟ್ಟ. ಆ ಚಿತ್ರಗಳನ್ನು ನೋಡಿದ ದೆಲಕ್ರಾ ತನ್ನ ‘ಕಿಯೋಸ್ ಹತ್ಯಾಕಾಂಡ’ದ ಹಿನ್ನೆಲೆಯನ್ನು ತಿದ್ದಿದ ಎಂಬುದು ಪ್ರಸಿದ್ಧ. ಪದಕ ತೆಗೆದುಕೊಳ್ಳಲು ಕಾನ್‌ಸ್ಟೆಬಲ್ ಹೋಗಲಿಲ್ಲ. ಜೀವಮಾನದಲ್ಲಿ ಅವನು ಇಂಗ್ಲೆಂಡ್ ಬಿಟ್ಟು ಹೊರಗೆ ಕಾಲಿಡಲೇ ಇಲ್ಲ.

ಹ್ಯಾಂಪ್‌ಸ್ಟೆಡ್‌ನ ಆಕಾಶ

ಮರಿಯಾಳಿಗೆ ಕ್ಷಯ. ಲಂಡನ್ನಿನ ಹೊಗೆಯಿಂದ ದೂರವಿರಲೆಂದು 1819ರಿಂದ ಸಂಸಾರ ಬೇಸಿಗೆಯಲ್ಲಿ ಹ್ಯಾಂಪ್‌ಸ್ಟೆಡ್ ಎಂಬ ಎತ್ತರದ ಜಾಗದಲ್ಲಿ ಮನೆ ಹಿಡಿಯತೊಡಗಿತು. ಅಲ್ಲಿ ನಿಂತರೆ ತಲೆಯ ಮೇಲೆ ಅಡ್ಡಿಯಿಲ್ಲದ ಆಕಾಶ. 1821 ಮತ್ತು 1822ರಲ್ಲಿ ಅವನು ಮೋಡಗಳನ್ನಷ್ಟೇ ಬರೆಯಲು ಕೂತ. 1822ರ ಶರತ್ಕಾಲದ ಹೊತ್ತಿಗೆ ಇಂಥ ಅಭ್ಯಾಸಗಳು ಸುಮಾರು 50 ಆಗಿದ್ದವು. ಹಲವು ಕಾಗದಗಳಲ್ಲಿ ನೆಲವೂ ಇಲ್ಲ, ಮರವೂ ಇಲ್ಲ.

ಈ ಕಾಗದಗಳ ಹಿಂಭಾಗವನ್ನು ವಿಜ್ಞಾನದ ವಿದ್ಯಾರ್ಥಿಗಳು ನೋಡಬೇಕು. ತಾರೀಖು, ಗಂಟೆ, ಗಾಳಿಯ ದಿಕ್ಕು, ಬಿಸಿಲಿನ ಸ್ಥಿತಿ, ಎಲ್ಲವನ್ನೂ ಬರೆದಿಟ್ಟಿದ್ದಾನೆ. 1821ರ ಸೆಪ್ಟೆಂಬರ್ 11ರ ಒಂದು ಅಭ್ಯಾಸ ಬೆಳಿಗ್ಗೆ 10ರಿಂದ 11ರ ನಡುವಿನದು. ಮೋಡ ಬೆಳ್ಳಿಬೂದು, ಸೆಕೆ, ನೈಋತ್ಯದ ಹಗುರ ಗಾಳಿ, ದಿನವಿಡೀ ಚೆನ್ನಾಗಿತ್ತು, ರಾತ್ರಿ ಮಳೆಯಾಯಿತು ಎಂಬ ವಿವರಗಳು ಅದರಲ್ಲಿವೆ. ಕೊನೆಯ ಮಾತನ್ನು ಬರೆದದ್ದು ಮಳೆಯಾದ ಮೇಲೆ ತಾನೆ? ಅಂದರೆ ಅವನು ಚಿತ್ರ ಮುಗಿಸಿ ಎದ್ದುಹೋಗಲಿಲ್ಲ. ಆ ಮೋಡದ ಮುಂದಿನ ಕಥೆಯನ್ನು ಕಾದು ನೋಡಿದ. ಇದು ಊಹೆಯನ್ನು ಫಲಿತಾಂಶದೊಡನೆ ತಾಳೆ ನೋಡುವವನ ಅಭ್ಯಾಸ. ಮುಂದೆ ಹವಾಮಾನ ತಜ್ಞರು ಆ ಕಾಲದ ಲಂಡನ್ನಿನ ದಾಖಲೆಗಳೊಡನೆ ಈ ಟಿಪ್ಪಣಿಗಳನ್ನು ಹೋಲಿಸಿ, ಅವು ನಂಬತಕ್ಕವು ಎಂದು ಕಂಡುಕೊಂಡಿದ್ದಾರೆ.

ಮೋಡಗಳಿಗೆ ನಾವು ಇಂದು ಬಳಸುವ ಹೆಸರುಗಳು ಆಗ ಹೊಸವು. ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವಾರ್ಡ್ 1802ರ ಡಿಸೆಂಬರ್‌ನಲ್ಲಿ ಸಿರಸ್, ಕ್ಯುಮುಲಸ್, ಸ್ಟ್ರಾಟಸ್ ಎಂಬ ವಿಂಗಡಣೆಯನ್ನು ಮಂಡಿಸಿದ್ದ. ಹೊವಾರ್ಡ್‌ನ ವಿಂಗಡಣೆಯನ್ನು ವಿವರಿಸುವ ಥಾಮಸ್ ಫಾರ್‌ಸ್ಟರ್‌ನ ಪುಸ್ತಕ ಕಾನ್‌ಸ್ಟೆಬಲ್ ಬಳಿ ಇತ್ತು. ಅದರ ಅಂಚಿನಲ್ಲಿ ಅವನು ತನ್ನ ಟೀಕೆಗಳನ್ನು ಬರೆದಿದ್ದಾನೆ. ಪುಸ್ತಕ ಓದಿದ, ಆದರೆ ಪುಸ್ತಕಕ್ಕೇ ನಿಲ್ಲಲಿಲ್ಲ.

ಇಷ್ಟು ಕಷ್ಟ ಏಕೆ? ಭೂದೃಶ್ಯದಲ್ಲಿ ಆಕಾಶವೆಂದರೆ ಹಿಂದೆ ಕಟ್ಟಿದ ಪರದೆ ಅಲ್ಲ ಎಂಬುದು ಅವನ ನಂಬಿಕೆ. ಬೆಳಕಿನ ಮೂಲ ಅಲ್ಲಿದೆ. ಒಂದು ಮೋಡ ಸೂರ್ಯನಿಗೆ ಅಡ್ಡ ಬಂದರೆ ಹೊಲ ಕಪ್ಪಾಗುತ್ತದೆ, ನೀರು ಸೀಸದ ಬಣ್ಣಕ್ಕೆ ತಿರುಗುತ್ತದೆ, ನೋಡುವವನ ಮನಸ್ಸೂ ಬದಲಾಗುತ್ತದೆ. ಆದ್ದರಿಂದ ಚಿತ್ರದ ಭಾವ ಕೂಡ ಮುಖ್ಯವಾಗಿ ಆಕಾಶದಲ್ಲೇ ಇದೆ ಎಂದು ಅವನು ತಿಳಿದಿದ್ದ. ಆಕಾಶ ಸುಳ್ಳಾದರೆ ಕೆಳಗಿನ ದುಃಖವೂ ಸುಳ್ಳು, ಸಂತೋಷವೂ ಸುಳ್ಳು.

ಬಿರುಗಾಳಿಯ ಮಾರನೆಯ ಬೆಳಿಗ್ಗೆ

1828ರ ಜನವರಿಯಲ್ಲಿ ಏಳನೆಯ ಮಗು ಹುಟ್ಟಿತು. ಮರಿಯಾಳ ತಂದೆ ತೀರಿಕೊಂಡು ಬಿಟ್ಟುಹೋದ 20,000 ಪೌಂಡ್ ಅದೇ ವರ್ಷ ಕೈ ಸೇರಿ ಹಣದ ಚಿಂತೆ ಕೊನೆಗೂ ತೀರಿತು. ಆದರೆ ನವೆಂಬರ್ 23ರಂದು ಮರಿಯಾ ಹೋಗಿಬಿಟ್ಟಳು. ಅವಳಿಗೆ 40 ವರ್ಷ. ಕಾನ್‌ಸ್ಟೆಬಲ್ ಅಂದಿನಿಂದ ಕಪ್ಪು ಬಟ್ಟೆ ಬಿಡಲಿಲ್ಲ.

ಮುಂದಿನ ಫೆಬ್ರವರಿಯಲ್ಲಿ, ಒಂದೇ ಮತದ ಅಂತರದಿಂದ, ರಾಯಲ್ ಅಕಾಡೆಮಿ ಅವನನ್ನು ಪೂರ್ಣ ಸದಸ್ಯನನ್ನಾಗಿ ಆರಿಸಿತು. ಅವನಿಗಿಂತ ಒಂದೇ ವರ್ಷ ದೊಡ್ಡವನಾದ ಟರ್ನರ್‌ಗೆ ಈ ಗೌರವ 1802ರಲ್ಲೇ, 26ನೇ ವಯಸ್ಸಿನಲ್ಲಿ ಬಂದಿತ್ತು. ಇವನಿಗೆ ಬರುವಾಗ 52. ಇತಿಹಾಸ ಚಿತ್ರಕಾರರು ಸಾಲಿನಲ್ಲಿರುವಾಗ ಭೂದೃಶ್ಯ ಬರೆಯುವವನು ಆರಿಸಿಬಂದದ್ದೇ ಅದೃಷ್ಟ ಎಂಬ ಅರ್ಥದಲ್ಲಿ ಅಕಾಡೆಮಿಯ ಅಧ್ಯಕ್ಷನೇ ಮಾತಾಡಿದನಂತೆ. ಆ ಸುದ್ದಿಯನ್ನು ಹೇಳಬೇಕಾಗಿದ್ದವಳು ಮನೆಯಲ್ಲಿ ಇರಲಿಲ್ಲ.

ಆ ವರ್ಷದ ಪ್ರದರ್ಶನಕ್ಕೆ ಅವನು ಕಳಿಸಿದ್ದು ‘ಹ್ಯಾಡ್ಲಿ ಕ್ಯಾಸಲ್’. ಥೇಮ್ಸ್ ನದಿ ಸಮುದ್ರ ಸೇರುವಲ್ಲಿ ದಿಬ್ಬದ ಮೇಲೆ ಬಿರುಕುಬಿಟ್ಟ ಹಳೆಯ ಕೋಟೆಯ ಗೋಪುರಗಳು, ಒಬ್ಬ ಕುರುಬ, ಒಂದು ನಾಯಿ, ಚದುರಿ ಓಡುವ ಮೋಡ, ದೂರದ ನೀರಿನ ಮೇಲೆ ಬೀಳುವ ಬೆಳಕು. ಬಿರುಗಾಳಿಯ ರಾತ್ರಿ ಕಳೆದ ಬೆಳಗು ಎಂದು ಅವನೇ ಹೆಸರಿನಲ್ಲಿ ಸೇರಿಸಿದ. ಆ ಕೋಟೆಯನ್ನು ಅವನು ನೋಡಿ ಪೆನ್ಸಿಲ್ಲಿನಲ್ಲಿ ಗೀಚಿಕೊಂಡದ್ದು 1814ರಲ್ಲಿ, ಮರಿಯಾಳಿಗಾಗಿ ಕಾಯುತ್ತಿದ್ದ ದಿನಗಳಲ್ಲಿ. ಅಂಗೈಯಗಲದ ಗೀಚಿನಿಂದ ಇಷ್ಟು ದೊಡ್ಡ ಚಿತ್ರ ಹೇಗೆ ಎದ್ದಿತು? ಹ್ಯಾಂಪ್‌ಸ್ಟೆಡ್‌ನ ಅಷ್ಟೂ ಬೆಳಗುಗಳು ಕೈಯಲ್ಲಿ ಕೂತಿದ್ದರಿಂದ. ಬಿರುಗಾಳಿಯ ನಂತರ ಮೋಡ ಹೇಗೆ ಹರಿಯುತ್ತದೆ, ಬೆಳಕು ಯಾವ ಸಂದಿಯಿಂದ ಇಳಿಯುತ್ತದೆ ಎಂಬುದು ಅವನಿಗೆ ಕಂಠಪಾಠವಾಗಿತ್ತು. ಬಣ್ಣವನ್ನು ಇಲ್ಲಿ ಚಾಕುವಿನಿಂದ ಕೆರೆದು, ಮೆತ್ತಿ, ಒರಟಾಗಿಯೇ ಬಿಟ್ಟಿದ್ದಾನೆ. ದುಃಖ ಬಂದಾಗ ಅವನು ಹೊಸ ಭಾಷೆ ಹುಡುಕಲಿಲ್ಲ. ನೋಡಿ ನೋಡಿ ಕಲಿತಿದ್ದ ಭಾಷೆಯೇ ಆ ದುಃಖವನ್ನು ಹೊತ್ತಿತು.

ಚಿತ್ರವೆಂಬ ಪ್ರಯೋಗ

ಕೊನೆಯ ವರ್ಷಗಳಲ್ಲಿ, ಒಮ್ಮೆ ಶಿಕ್ಷಕನ ಹುದ್ದೆ ಬೇಡವೆಂದಿದ್ದ ಈ ಮನುಷ್ಯ ಉಪನ್ಯಾಸಕನಾದ. ಹ್ಯಾಂಪ್‌ಸ್ಟೆಡ್‌ನಲ್ಲಿ 1833ರಿಂದ ಭೂದೃಶ್ಯ ಕಲೆಯ ಬಗ್ಗೆ ಮಾತಾಡಿದ. 1836ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನಾಲ್ಕು ಉಪನ್ಯಾಸ ಕೊಟ್ಟ. ಅದು ಮೈಕೆಲ್ ಫ್ಯಾರಡೆ ಕೆಲಸ ಮಾಡುತ್ತಿದ್ದ ಸಂಸ್ಥೆ. ಅಲ್ಲಿ ಅವನು ವಾದಿಸಿದ್ದು ಇದನ್ನು: ಚಿತ್ರಕಲೆ ಒಂದು ವಿಜ್ಞಾನ, ಪ್ರಕೃತಿಯ ನಿಯಮಗಳ ಶೋಧನೆ. ಭೂದೃಶ್ಯವನ್ನು ಭೌತವಿಜ್ಞಾನದ ಒಂದು ಶಾಖೆಯಾಗಿ, ಒಂದೊಂದು ಚಿತ್ರವನ್ನೂ ಅದರ ಒಂದೊಂದು ಪ್ರಯೋಗವಾಗಿ ಏಕೆ ನೋಡಬಾರದು?

1837ರ ಮಾರ್ಚ್ 31ರ ರಾತ್ರಿ ಅವನು ಇದ್ದಕ್ಕಿದ್ದಂತೆ ತೀರಿಕೊಂಡ. ವಯಸ್ಸು 60. ಆಗ ಅವನ ಕೈಯಲ್ಲಿದ್ದ ಚಿತ್ರ ಆರಂಡಲ್ ಊರಿನ ಗಿರಣಿ ಮತ್ತು ಕೋಟೆಯದು. ಗಿರಣಿಯಲ್ಲಿ ತೊಡಗಿದ್ದು ಗಿರಣಿಯಲ್ಲೇ ನಿಂತಿತು. ಹ್ಯಾಂಪ್‌ಸ್ಟೆಡ್‌ನ ಸೇಂಟ್ ಜಾನ್ ಚರ್ಚಿನ ಆವರಣದಲ್ಲಿ ಮರಿಯಾಳ ಸಮಾಧಿಯಲ್ಲೇ ಅವನನ್ನೂ ಇಟ್ಟರು. 1888ರಲ್ಲಿ ಮಗಳು ಇಸಬೆಲ್ ಮನೆಯಲ್ಲಿ ಉಳಿದಿದ್ದ ಬಯಲಿನ ಅಭ್ಯಾಸಗಳನ್ನು ದೊಡ್ಡ ಸಂಖ್ಯೆಯಲ್ಲಿ ದೇಶದ ಸಂಗ್ರಹಾಲಯಕ್ಕೆ ಕೊಟ್ಟಳು. ಮಾರಾಟಕ್ಕೆಂದು ಬರೆಯದ ಆ ಕಾಗದಗಳಿಂದಲೇ ಅವನ ಕೆಲಸದ ಕ್ರಮ ನಮಗೆ ಇಂದು ಇಷ್ಟು ಸ್ಪಷ್ಟವಾಗಿ ತಿಳಿಯುತ್ತದೆ.

ತರಗತಿಯಲ್ಲಿ

ಈ ಜೀವನವನ್ನು ಹವಾಮಾನದ ಪಾಠಕ್ಕೆ ಪೀಠಿಕೆಯಾಗಿ ಹತ್ತು ನಿಮಿಷದಲ್ಲಿ ಹೇಳಬಹುದು. ಮುಂದಿನ ವಾರ ನಾನು ಚಾರ್ಟ್ ಒಯ್ಯಲಿಲ್ಲ. ಪ್ರತಿ ಮಗುವಿಗೂ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಎರಡಾಗಿ ಮಡಿಸಲು ಹೇಳಿದೆ. ಒಂದು ಬದಿಗೆ ಶಾಲೆಯ ಅಂಗಳದಿಂದ ಕಾಣುವ ಮೋಡದ ಚಿತ್ರ, ಹಿಂಬದಿಗೆ ತಾರೀಖು, ಗಂಟೆ, ಗಾಳಿಯ ದಿಕ್ಕು. ದಿಕ್ಕು ತಿಳಿಯಲು ಒಂದು ಹಿಡಿ ಮಣ್ಣನ್ನು ಮೇಲಿಂದ ಬಿಟ್ಟು ನೋಡಿದರೆ ಸಾಕು. ಮೋಡದ ಹೆಸರನ್ನು ಐದು ದಿನದ ನಂತರ, ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು, ಮಕ್ಕಳೊಡನೆ ನಾನೂ ಹುಡುಕಿದೆ. ಎರಡು ಚಿತ್ರಗಳಿಗೆ ನಮ್ಮಲ್ಲಿ ಒಮ್ಮತ ಬರಲಿಲ್ಲ. ಅವನ್ನು ಹೆಸರಿಲ್ಲದೆಯೇ ಗೋಡೆಗೆ ಅಂಟಿಸಿದೆವು.

ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗಿಯ ಮೂರನೆಯ ಹಾಳೆಯ ಹಿಂದೆ, ಪೆನ್ಸಿಲ್ಲಿನ ಟಿಪ್ಪಣಿಯ ಕೆಳಗೆ, ನೀಲಿ ಪೆನ್ನಿನಲ್ಲಿ ಇನ್ನೊಂದು ಸಾಲು ಇತ್ತು. ರಾತ್ರಿ ಮಳೆ ಬಂತು ಎಂದು ಬರೆದಿದ್ದಳು. ಅದನ್ನು ಬರೆಯಲು ನಾನು ಹೇಳಿರಲಿಲ್ಲ.